ಹಾಸಿಗೆ, ಸೀಮೆಸುಣ್ಣ ಮತ್ತು ಕಪ್ಪು ಸೊನ್ನೆ

ಸ್ಟುಟ್‌ಗಾರ್ಟ್ ನಗರದಲ್ಲಿರುವ ಮಗಳ ಮನೆಯಲ್ಲಿ ಎರಡು ಬಾರಿ, ಒಟ್ಟು ಐದು ತಿಂಗಳ ಕಾಲ ಇದ್ದು ಬಂದ ಮೇಲೆ ನನಗೆ ಜರ್ಮನ್ ಭಾಷೆ ಬರುತ್ತದೆಂದು ನಮ್ಮ ಬಂಧುಗಳಲ್ಲಿ ಕೆಲವರು ನಂಬಿಬಿಟ್ಟಿದ್ದಾರೆ. ಬರುವುದಿಲ್ಲ. ಪಕ್ಕದಲ್ಲಿ ನಿಘಂಟಿದ್ದರೆ ವೃತ್ತಪತ್ರಿಕೆಯ ಒಂದು ಅಂಕಣವನ್ನು ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಲ್ಲೆ, ಅಷ್ಟೆ. ಹಾಗೆ ಓದುವಾಗ ಅರ್ಥವಾಗದ ಕಡೆಗಳಲ್ಲಿ ಅದೇ ಸುದ್ದಿಯ ಇಂಗ್ಲಿಷ್ ರೂಪವನ್ನು ಹುಡುಕಿ ಪಕ್ಕದಲ್ಲಿಟ್ಟುಕೊಳ್ಳುವುದು ನನ್ನ ರೂಢಿ. ಮೂವತ್ತನಾಲ್ಕು ವರ್ಷ ಚರಿತ್ರೆಯನ್ನೂ ಇಂಗ್ಲಿಷನ್ನೂ ಪಾಠಮಾಡಿದವನಿಗೆ ಈ ಎರಡನ್ನೂ ಒಟ್ಟಿಗೆ ಸವಿಯಲು ಇದಕ್ಕಿಂತ ಒಳ್ಳೆಯ ಕಾಲಕ್ಷೇಪ ಸಿಕ್ಕಲಾರದು. ಹಣಕಾಸಿನ ಪುಟದಲ್ಲಿ ಈ ಕೆಲಸ ಎಷ್ಟು ಕಷ್ಟವೋ ಅಷ್ಟೇ ರಸವತ್ತಾದುದೆಂಬುದು ಬೇಗನೆ ತಿಳಿಯಿತು. ಏಕೆಂದರೆ ಹಣದ ಮಾತು ಬಂದಾಗ ಯಾವ ಜನಾಂಗವೂ ನೇರವಾಗಿ ಮಾತನಾಡುವುದಿಲ್ಲ.

ಮೊದಲು ನನ್ನ ಗಮನ ಸೆಳೆದದ್ದು ಒಂದು ಚಿಕ್ಕ ನುಡಿಗಟ್ಟು. ಆದಾಯಕ್ಕೆ ತಕ್ಕಂತೆ ಬಾಳಬೇಕೆಂಬುದನ್ನು ಜರ್ಮನರು 'ಜಿಷ್ ನಾಖ್ ಡೇರ್ ಡೆಕ್ಕೆ ಶ್ಟ್ರೆಕ್ಕೆನ್' ಎನ್ನುತ್ತಾರೆ. ಡೆಕ್ಕೆ ಎಂದರೆ ಹೊದಿಕೆ. ಹೊದಿಕೆ ಎಷ್ಟಿದೆಯೋ ಅಷ್ಟಕ್ಕೆ ಮೈಚಾಚು ಎಂದು ಅರ್ಥ. ಓದಿದೊಡನೆ ಕುರ್ಚಿಯಿಂದ ಎದ್ದುನಿಂತೆ. ಇದು ನಮ್ಮ ಅಜ್ಜಿಯ ಮಾತಲ್ಲವೆ! 'ಹಾಸಿಗೆ ಇದ್ದಷ್ಟು ಕಾಲು ಚಾಚು.' ನಾವು ಕೆಳಗೆ ಹಾಸುವುದನ್ನು ಹೇಳುತ್ತೇವೆ, ಅವರು ಮೇಲೆ ಹೊದೆಯುವುದನ್ನು ಹೇಳುತ್ತಾರೆ. ಆ ದೇಶದ ಜನವರಿ ತಿಂಗಳನ್ನು ಕಂಡವರಿಗೆ ಅದರ ಕಾರಣವನ್ನು ವಿವರಿಸಬೇಕಾಗಿಲ್ಲ. ನಡುವೆ ನಿಂತ ಇಂಗ್ಲಿಷಿನಲ್ಲಿ ಮಾತ್ರ ಹಾಸಿಗೆಯೂ ಇಲ್ಲ, ಹೊದಿಕೆಯೂ ಇಲ್ಲ. ಬಟ್ಟೆಯಿದ್ದಷ್ಟಕ್ಕೆ ಕೋಟು ಕತ್ತರಿಸು ಎನ್ನುತ್ತದೆ ಆ ಭಾಷೆ. ಜರ್ಮನ್ನಿನಿಂದ ಇಂಗ್ಲಿಷಿಗೆ ತರುವವನು ಮಲಗಿದ್ದವನನ್ನು ಎಬ್ಬಿಸಿ ದರ್ಜಿಯ ಅಂಗಡಿಗೆ ಕರೆದೊಯ್ಯಬೇಕಾಗುತ್ತದೆ. ಅರ್ಥ ಕೆಡುವುದಿಲ್ಲ. ಆದರೆ ಚಳಿಯಲ್ಲಿ ಮುದುಡಿ ಮಲಗಿದ ಬಡವನ ಚಿತ್ರ ಕಳೆದುಹೋಗುತ್ತದೆ.

ಈ ತ್ರಿಕೋನ ನಮಗೆ ಹೊಸದೇನಲ್ಲ. ಮೊದಲ ಕನ್ನಡ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರತಂದ ಹೆರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಸ್ಟುಟ್‌ಗಾರ್ಟಿಗೆ ದೂರವಲ್ಲದ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ. ಫರ್ಡಿನಂಡ್ ಕಿಟ್ಟೆಲ್ ಉತ್ತರ ಜರ್ಮನಿಯವರಾದರೂ ಅವರ ಕೊನೆಗಾಲ ಕಳೆದದ್ದು ಅದೇ ಸೀಮೆಯ ಟ್ಯುಬಿಂಗನ್‌ನಲ್ಲಿ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ ಕೋಶವನ್ನು ತೆರೆದಾಗಲೆಲ್ಲ ನನಗೆ ಒಂದು ವಿಸ್ಮಯ. ಜರ್ಮನ್ನಿನಲ್ಲಿ ಯೋಚಿಸುವ ಮನುಷ್ಯ ಕನ್ನಡದ ಪದವನ್ನೂ ಗಾದೆಯನ್ನೂ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಾನೆ. ಎರಡೂ ಆತನ ತಾಯ್ನುಡಿಯಲ್ಲ. ನಮ್ಮ ಗಾದೆಗಳನ್ನು ಬರೆದುಕೊಳ್ಳುವಾಗ ಆತನಿಗೆ ತನ್ನ ಊರಿನ ಗಾದೆಗಳು ಎಷ್ಟು ಸಲ ನೆನಪಾಗಿರಬೇಡ!

ಜರ್ಮನ್ ಮನೆಮಾತಿನ ಹಣಕಾಸನ್ನು ಇನ್ನೂ ಸ್ವಲ್ಪ ನೋಡೋಣ. ಸಣ್ಣ ಆದಾಯವೂ ಆದಾಯವೇ ಎನ್ನುವುದಕ್ಕೆ 'ಕ್ಲೈನ್‌ಫೀ ಮಾಖ್ಟ್ ಆಉಖ್ ಮಿಸ್ಟ್' ಎನ್ನುತ್ತಾರೆ. ಆಡು ಕೋಳಿಗಳಂಥ ಸಣ್ಣ ಪ್ರಾಣಿಗಳೂ ಗೊಬ್ಬರ ಹಾಕುತ್ತವೆ ಎಂದು ಅರ್ಥ. (ಇಂಗ್ಲಿಷ್ ಬಲ್ಲವರು ಮಿಸ್ಟ್ ಎಂದೊಡನೆ ಮಂಜನ್ನು ನೆನೆದು ಮೋಸಹೋಗಬಾರದು. ನಾನು ಹೋದೆ.) ಇಂಗ್ಲಿಷಿನವರು ಇದನ್ನು 'ಎವ್ರಿ ಲಿಟಲ್ ಹೆಲ್ಪ್ಸ್' ಎಂದು ತೊಳೆದು ಒರಸಿ ಇಡುತ್ತಾರೆ; ಕೊಟ್ಟಿಗೆಯ ವಾಸನೆಯೇ ಇಲ್ಲ. ಹನಿ ಹನಿ ಕೂಡಿದರೆ ಹಳ್ಳ ಎನ್ನುವ ನಾವೂ ಇಲ್ಲಿ ಇಂಗ್ಲಿಷರಂತೆ ಶುಚಿವಂತರೇ. ಆದರೆ ಗೊಬ್ಬರವೇ ಸಂಪತ್ತೆಂದು ತಿಪ್ಪೆಯನ್ನು ಪೂಜಿಸುವ ನಮ್ಮ ರೈತರಿಗೆ ಜರ್ಮನ್ ಗಾದೆ ಥಟ್ಟನೆ ತಿಳಿದೀತು.

ಕಡುಬಡತನದಲ್ಲಿರುವವನು 'ಹುಂಗರ್‌ಟೂಖ್' ಕಚ್ಚುತ್ತಿದ್ದಾನೆ ಎನ್ನುವರು. ಕ್ರೈಸ್ತರ ಉಪವಾಸದ ದಿನಗಳಲ್ಲಿ ಇಗರ್ಜಿಯ ಬಲಿಪೀಠವನ್ನು ಮರೆಮಾಡಲು ತೂಗುಬಿಡುತ್ತಿದ್ದ ಬಟ್ಟೆ ಅದು, ಹಸಿವಿನ ಬಟ್ಟೆ. ಮೊದಲು ಆ ಬಟ್ಟೆಯನ್ನು 'ಹೊಲಿಯುವುದು' ಎಂದಿದ್ದ ಮಾತು ಜನರ ಬಾಯಲ್ಲಿ 'ಕಡಿಯುವುದು' ಎಂದು ತಿರುಗಿತೆನ್ನುತ್ತಾರೆ. ಹಸಿದವನು ಬಟ್ಟೆಯನ್ನು ಹೊಲಿದಾನೆಯೆ? ಜನರ ತರ್ಕವೇ ಸರಿ.

ಇವುಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು 'ಇನ್ ಡೇರ್ ಕ್ರೈಡೆ ಶ್ಟೇಯೆನ್', ಸೀಮೆಸುಣ್ಣದಲ್ಲಿ ನಿಂತಿರುವುದು. ಸಾಲಗಾರನಾಗಿರುವುದು ಎಂದು ಅರ್ಥ. ಪಾನಗೃಹದ ಯಜಮಾನ ಗಿರಾಕಿಯ ಬಾಕಿಯನ್ನು ಹಲಗೆಯ ಮೇಲೆ ಸೀಮೆಸುಣ್ಣದಿಂದ ಗೀಟುಹಾಕಿ ಗುರುತಿಸಿಕೊಳ್ಳುತ್ತಿದ್ದುದರಿಂದ ಹುಟ್ಟಿದ ಮಾತು. ಜೀವನವಿಡೀ ಸೀಮೆಸುಣ್ಣದ ಪುಡಿಯಲ್ಲೇ ನಿಂತಿದ್ದ ನನ್ನಂಥ ಮೇಷ್ಟ್ರನ್ನು ಇದಕ್ಕಿಂತ ಚೆನ್ನಾಗಿ ಯಾವ ಭಾಷೆಯೂ ವರ್ಣಿಸಿಲ್ಲ! ಇಂಗ್ಲಿಷಿಗೆ ತರುವವರು ಸಾಮಾನ್ಯವಾಗಿ ಇದನ್ನು 'ಇನ್ ದ ರೆಡ್' ಎಂದುಬಿಡುತ್ತಾರೆ. ಅದು ಕೆಂಪುಮಸಿಯ ಮಾತು. ಲೆಕ್ಕದ ಪುಸ್ತಕ, ಗುಮಾಸ್ತೆ, ಎರಡು ಬಣ್ಣದ ಮಸಿ ಇರುವಲ್ಲಿ ಹುಟ್ಟುವ ಮಾತು. ಸೀಮೆಸುಣ್ಣ ಪುಸ್ತಕವಿಲ್ಲದವರ ಲೆಕ್ಕ. ಕೆಂಪುಮಸಿಯಲ್ಲಿರುವುದು ಕಂಪನಿ, ಸೀಮೆಸುಣ್ಣದಲ್ಲಿರುವುದು ಮನುಷ್ಯ. ಅವರ ಹಳೆಯ ಬಳಕೆಯಲ್ಲಿ 'ಆನ್ ದ ಸ್ಲೇಟ್' ಎಂಬ ಸೊಗಸಾದ ಮಾತಿದ್ದೂ ಅನುವಾದಕರು ಅದನ್ನು ಏಕೆ ಬಿಡುತ್ತಾರೋ ನನಗೆ ತಿಳಿಯದು.

ನನ್ನ ಬಾಲ್ಯದಲ್ಲಿ ನಮ್ಮೂರಿನ ಜಿನಸಿ ಅಂಗಡಿಗೆ ಹಲಗೆಗಳ ಬಾಗಿಲಿತ್ತು. ಬೆಳಿಗ್ಗೆ ಒಂದೊಂದಾಗಿ ಕಳಚಿ ಒಳಗೆ ಗೋಡೆಗೆ ಒರಗಿಸುತ್ತಿದ್ದ ಆ ಹಲಗೆಗಳ ಒಳಮೈಯಲ್ಲಿ ಊರಿನ ಅರ್ಧಕ್ಕರ್ಧ ಮನೆಗಳ ಬಾಕಿ ಸೀಮೆಸುಣ್ಣದಲ್ಲಿರುತ್ತಿತ್ತು. ನಾಲ್ಕನೆಯ ಹಲಗೆಯಲ್ಲಿ ನಮ್ಮ ತಂದೆಯವರದು. ಹೆಸರು ಬರೆಯುತ್ತಿರಲಿಲ್ಲ, ನಮ್ಮ ಮನೆಗೆ ಒಂದು ತೆಂಗಿನ ಮರದ ಗುರುತು. ಬೆಲ್ಲ ತರಲು ಹೋದಾಗ ಆ ಗೀಟುಗಳನ್ನು ನೋಡಬಾರದೆಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಸುಗ್ಗಿಯ ನಂತರ ಅಂಗಡಿಯವರು ಒದ್ದೆಬಟ್ಟೆಯಿಂದ ಅದನ್ನು ಒರೆಸುವಾಗ ತಂದೆಯವರು ನನ್ನನ್ನು ಬೇಕೆಂದೇ ಜತೆಗೆ ಕರೆದೊಯ್ಯುತ್ತಿದ್ದರು. ಹಾಗಾಗಿ ಆ ಜರ್ಮನ್ ಮಾತನ್ನು ಓದಿದಾಗ ನನಗೆ ಇಂಗ್ಲಿಷ್ ಅನುವಾದದ ಅಗತ್ಯ ಬೀಳಲಿಲ್ಲ.

ಇನ್ನು ಹುಸಿಲೆಕ್ಕಕ್ಕೆ ಅವರ ಹೆಸರು 'ಮಿಲ್ಷ್‌ಮೇಡ್ಷೆನ್‌ರೆಷ್ನುಂಗ್', ಹಾಲುಮಾರುವ ಹುಡುಗಿಯ ಲೆಕ್ಕ. ಸಚಿವರ ಮುಂಗಡಪತ್ರವನ್ನು ಹಳಿಯುವಾಗ ವಿರೋಧಪಕ್ಷದವರು ಇಂದಿಗೂ ಬಳಸುವ ಮಾತು. ಹಾಲು ಮಾರಿ ಮೊಟ್ಟೆ, ಮೊಟ್ಟೆಯಿಂದ ಕೋಳಿ, ಕೋಳಿಯಿಂದ ಹಂದಿ, ಆಮೇಲೆ ಹಸು ಎಂದು ಕನಸು ಕಾಣುತ್ತ ಕುಣಿದು ಹಾಲು ಚೆಲ್ಲಿಕೊಂಡವಳ ಕಥೆಯನ್ನು ಫ್ರಾನ್ಸಿನ ಲಾ ಫೊಂಟೇನ್ ಹೇಳಿದ್ದಾನೆ. ಆದರೆ ಆ ಕಥೆಯ ತವರು ನಮ್ಮ ಪಂಚತಂತ್ರ. ಹಿಟ್ಟಿನ ಮಡಕೆಯನ್ನು ಒದ್ದು ಮೈಯೆಲ್ಲ ಬೆಳ್ಳಗೆ ಮಾಡಿಕೊಂಡ ಬ್ರಾಹ್ಮಣನೇ ಆಕೆಯ ಪೂರ್ವಿಕ. ಪಂಚತಂತ್ರ ಪಹ್ಲವಿ, ಅರಬ್ಬಿ, ಹೀಬ್ರೂ, ಲ್ಯಾಟಿನ್ ಭಾಷೆಗಳನ್ನು ದಾಟಿ ಜರ್ಮನ್ನಿಗೆ ಬಂದು 1480ರ ಸುಮಾರಿಗೆ ಅಚ್ಚಾಯಿತು. ಆ ಅನುವಾದವನ್ನು ಮಾಡಿದ ಆಂಟನ್ ಫಾನ್ ಫೋರ್ ತನ್ನ ಪುಸ್ತಕದ ವಿಭಾಗಗಳ ಮೊದಲಕ್ಷರಗಳಲ್ಲಿ ವ್ಯುರ್ಟೆಂಬರ್ಗಿನ ದೊರೆ ಎಬರ್‌ಹಾರ್ಟನ ಹೆಸರನ್ನು ಹುದುಗಿಸಿಟ್ಟಿದ್ದಾನೆ. ಎಂದರೆ ಈಗ ನನ್ನ ಮೊಮ್ಮಗಳು ಶಾಲೆಗೆ ಹೋಗುತ್ತಿರುವ ಅದೇ ಸೀಮೆಯ ದೊರೆ! ಇಂಗ್ಲಿಷಿನಲ್ಲಿ ಇದನ್ನು 'ಮರಿಯಾಗುವ ಮೊದಲೇ ಕೋಳಿ ಎಣಿಸುವುದು' ಎಂದು ತರುವುದುಂಟು. ಪೂರ್ತಿ ಸರಿಯಲ್ಲ. ಇಂಗ್ಲಿಷಿನ ಗಾದೆ ಅವಸರವನ್ನು ನಗುತ್ತದೆ, ಜರ್ಮನ್ ಪದ ಲೆಕ್ಕದ ದಡ್ಡತನವನ್ನು ನಗುತ್ತದೆ.

ಮನೆಮಾತು ಸಾಕು, ವಿದ್ವಾಂಸರ ಕಡೆಗೆ ಹೋಗೋಣ. ಅಲ್ಲಿಯೂ ರೂಪಕಗಳದೇ ರಾಜ್ಯ, ಅಲ್ಲಿ ತಪ್ಪಿದರೆ ಹಾನಿಯೂ ದೊಡ್ಡದು.

ಆರ್ಥಿಕ ಏರಿಳಿತಗಳಿಗೆ ಜರ್ಮನರು 'ಕೊನ್‌ಯುಂಕ್‌ಟೂರ್' ಎನ್ನುತ್ತಾರೆ. ಇದು ಜ್ಯೋತಿಷ್ಯದ ಪದ. ಗ್ರಹಗಳು ಒಂದೆಡೆ ಕೂಡುವ ಯೋಗವನ್ನು ಸೂಚಿಸುತ್ತಿದ್ದ ಲ್ಯಾಟಿನ್ ಶಬ್ದದಿಂದ ಬಂದು ವರ್ತಕರ ಬಾಯಲ್ಲಿ ಮಾರುಕಟ್ಟೆಯ ಪರಿಸ್ಥಿತಿ ಎಂಬ ಅರ್ಥವನ್ನು ಪಡೆಯಿತು. ವ್ಯಾಪಾರ ಕೈಗೂಡಿದವನನ್ನು ನೋಡಿ 'ಅವನಿಗೆ ಶುಕ್ರದೆಸೆ' ಎನ್ನುವ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಇಂಗ್ಲಿಷಿನವರಿಗೆ ಮಾತ್ರ ಇದು ದೊಡ್ಡ ತೊಡಕು. ಫ್ರೀಡ್ರಿಷ್ ಹಯೆಕ್ 1929ರಲ್ಲಿ ಜರ್ಮನ್ನಿನಲ್ಲಿ ಪ್ರಕಟಿಸಿದ ಹಣ ಮತ್ತು ಕೊನ್‌ಯುಂಕ್‌ಟೂರ್ ಸಿದ್ಧಾಂತದ ಗ್ರಂಥವನ್ನು ನಿಕೊಲಸ್ ಕಾಲ್ಡರ್ ಮತ್ತು ಕ್ರೂಮ್ 1933ರಲ್ಲಿ ಇಂಗ್ಲಿಷಿಗೆ ತಂದಾಗ ಅದು 'ಟ್ರೇಡ್ ಸೈಕಲ್' ಆಯಿತು. ಅಮೆರಿಕದವರು ಅದನ್ನೇ 'ಬಿಸಿನೆಸ್ ಸೈಕಲ್' ಎಂದರು. ಆಕಾಶದಲ್ಲಿದ್ದದ್ದು ಗಾಲಿಯಾಗಿ ನೆಲಕ್ಕಿಳಿಯಿತು. ಗಾಲಿ ಎಂದರೆ ತಿರುಗಿ ಮೊದಲಿನ ಸ್ಥಾನಕ್ಕೆ ಬರಲೇಬೇಕೆಂಬ ಭರವಸೆ ಇದೆ. ಗ್ರಹಯೋಗಕ್ಕೆ ಅಂಥ ಭರವಸೆಯಿಲ್ಲ, ಅದು ಕೂಡಿಬರಬೇಕು. ಒಂದೇ ಪದದ ಆಯ್ಕೆಯಿಂದ ಓದುಗನ ಮನಸ್ಸಿನಲ್ಲಿ ಅರ್ಥವ್ಯವಸ್ಥೆಯ ಆಕಾರವೇ ಬದಲಾಯಿತಲ್ಲ ಎಂದು ನನಗನ್ನಿಸುತ್ತದೆ.

ಕಾರ್ಲ್ ಮಾರ್ಕ್ಸನ 'ಬಂಡವಾಳ' 1867ರಲ್ಲಿ ಬಂದರೂ ಅದರ ಮೊದಲ ಸಂಪುಟ ಇಂಗ್ಲಿಷಿನಲ್ಲಿ ಪುಸ್ತಕರೂಪದಲ್ಲಿ ಬಂದದ್ದು ಮಾರ್ಕ್ಸ್ ತೀರಿಕೊಂಡ ನಾಲ್ಕು ವರ್ಷಗಳ ನಂತರ, 1887ರಲ್ಲಿ. ಅನುವಾದಕರು ಸ್ಯಾಮ್ಯುಯೆಲ್ ಮೂರ್ ಮತ್ತು ಎಡ್ವರ್ಡ್ ಎವೆಲಿಂಗ್, ಸಂಪಾದಿಸಿದವರು ಎಂಗೆಲ್ಸ್. ಅದಕ್ಕೆ ಎರಡು ವರ್ಷ ಮೊದಲು ಬೇರೊಬ್ಬರು ಕೆಲವು ಪುಟಗಳನ್ನು ಅನುವಾದಿಸಿ ಪ್ರಕಟಿಸಿದಾಗ ಸಿಟ್ಟಿಗೆದ್ದ ಎಂಗೆಲ್ಸ್, ಮಾರ್ಕ್ಸನನ್ನು ಹೇಗೆ ಅನುವಾದಿಸಬಾರದು ಎಂಬ ತಲೆಬರಹದಲ್ಲೇ ಒಂದು ಲೇಖನ ಬರೆದರು. ಅಷ್ಟು ಎಚ್ಚರ ವಹಿಸಿದ ಎಂಗೆಲ್ಸರ ಕಣ್ಣೆದುರಿಗೇ ಒಂದು ಪದ ಜಾರಿತು. ಸರಕಿನೊಳಗೆ ಅಡಗಿರುವ ಮನುಷ್ಯಶ್ರಮವನ್ನು ಮಾರ್ಕ್ಸ್ 'ಗಲ್ಲೆರ್ಟೆ' ಎಂದು ಕರೆದಿದ್ದ. ಅದು ಅಡುಗೆಮನೆಯ ಪದ; ಪ್ರಾಣಿಗಳ ಮೂಳೆ, ಚರ್ಮ, ಮಾಂಸದ ತುಣುಕುಗಳನ್ನು ಗಂಟೆಗಟ್ಟಲೆ ಕುದಿಸಿ ಆರಿಸಿದಾಗ ಸಿಗುವ ನಡುಗುವ ಲೋಳೆ. ಇಂಗ್ಲಿಷಿನಲ್ಲಿ ಇದು 'ಕಂಜಿಲೇಷನ್', ಎಂದರೆ ಹೆಪ್ಪುಗಟ್ಟಿದ್ದು, ಎಂದಾಯಿತು. ಹೆಪ್ಪುಗಟ್ಟಿದ ನೀರನ್ನು ಕರಗಿಸಿದರೆ ಮತ್ತೆ ನೀರೇ. ಕುದಿಸಿ ಲೋಳೆ ಮಾಡಿದ್ದನ್ನು ಏನು ಮಾಡಿದರೂ ಅದರಲ್ಲಿ ಬೆಂದ ಪ್ರಾಣಿ ಮರಳಿ ಬಾರದು. ಮಾರ್ಕ್ಸ್ ಓದುಗನಿಗೆ ಹೇಸಿಕೆ ಹುಟ್ಟಿಸಬೇಕೆಂದಿದ್ದ. ಅನುವಾದಕರು ಅದನ್ನು ಪ್ರಯೋಗಶಾಲೆಯ ಮಾತಾಗಿ ಮಾಡಿದರು. ಸಸ್ಯಾಹಾರಿಯಾದ ನನಗೂ ಮೂಲದ ರೂಪಕವೇ ಸತ್ಯವಾಗಿ ಕಾಣುತ್ತದೆ.

ಮ್ಯಾಕ್ಸ್ ವೇಬರನ ಪ್ರಸಂಗ ಇನ್ನೂ ಪ್ರಸಿದ್ಧವಾದದ್ದು. ಪ್ರಾಟೆಸ್ಟೆಂಟ್ ನೀತಿಯನ್ನೂ ಬಂಡವಾಳಶಾಹಿಯ ಚೈತನ್ಯವನ್ನೂ ಕುರಿತ ಆತನ ಪ್ರಬಂಧ 1904–05ರಲ್ಲಿ ಪ್ರಕಟವಾಯಿತು. ಅದರ ಕೊನೆಯ ಪುಟಗಳಲ್ಲಿ, ಲೌಕಿಕ ವಸ್ತುಗಳ ಚಿಂತೆ ಭಕ್ತನ ಹೆಗಲ ಮೇಲೆ ಬೇಕೆಂದಾಗ ಕಿತ್ತೆಸೆಯಬಹುದಾದ ತೆಳುವಾದ ಮೇಲಂಗಿಯಂತಿರಬೇಕೆಂದು ಹಿಂದಿನ ಧರ್ಮೋಪದೇಶಕನೊಬ್ಬ ಹೇಳಿದ್ದನ್ನು ನೆನೆದು, ಆ ಮೇಲಂಗಿಯೇ ವಿಧಿವಶಾತ್ 'ಶ್ಟಾಲ್‌ಹಾರ್ಟೆಸ್ ಗೆಹಾಯ್ಜೆ' ಆಯಿತೆಂದು ವೇಬರ್ ಬರೆದ. ಉಕ್ಕಿನಷ್ಟು ಗಡುಸಾದ ಕವಚ. ಗೆಹಾಯ್ಜೆ ಎಂದರೆ ಗಡಿಯಾರದ ಹೊರಮೈ ಆಗಬಹುದು, ಯಂತ್ರದ ಕೋಶ ಆಗಬಹುದು, ಬಸವನಹುಳುವಿನ ಚಿಪ್ಪೂ ಆಗಬಹುದು. ಅಮೆರಿಕದ ಟಾಲ್ಕಟ್ ಪಾರ್ಸನ್ಸ್ 1930ರ ತನ್ನ ಅನುವಾದದಲ್ಲಿ ಇದನ್ನು 'ಐರನ್ ಕೇಜ್', ಕಬ್ಬಿಣದ ಪಂಜರ, ಎಂದ. ಆ ಎರಡು ಪದ ಜಗತ್ತನ್ನೇ ಸುತ್ತಿತು. ವೇಬರನನ್ನು ಓದದವರೂ ಕಬ್ಬಿಣದ ಪಂಜರವನ್ನು ಬಲ್ಲರು. ಕಾಲೇಜಿನಲ್ಲಿ ನಾನೂ ಪರೀಕ್ಷೆಯಲ್ಲಿ ಬರೆದಿದ್ದೇನೆ.

ಆದರೆ ಪಂಜರದಲ್ಲಿರುವ ಗಿಳಿ ಗಿಳಿಯೇ. ಬಾಗಿಲು ತೆರೆದರೆ ಹಾರೀತು. ಚಿಪ್ಪಿನೊಳಗಿನ ಹುಳು ಹಾಗಲ್ಲ. ಚಿಪ್ಪು ಅದರ ಮೈಯೊಡನೆಯೇ ಬೆಳೆದದ್ದು, ಕಿತ್ತರೆ ಜೀವ ಉಳಿಯದು. ಬಂಡವಾಳಶಾಹಿ ನಮ್ಮನ್ನು ಹಿಡಿದಿಟ್ಟಿದೆಯೋ ಅಥವಾ ನಮ್ಮನ್ನು ಬೇರೆಯೇ ಜೀವಿಗಳನ್ನಾಗಿ ಮಾಡಿದೆಯೋ ಎಂಬ ಪ್ರಶ್ನೆಗೆ ಈ ಎರಡು ರೂಪಕಗಳು ಎರಡು ಉತ್ತರ ಕೊಡುತ್ತವೆ. 2002ರಲ್ಲಿ ಪೀಟರ್ ಬೇರ್ ಮತ್ತು ಗಾರ್ಡನ್ ವೆಲ್ಸ್ ಮಾಡಿದ ಅನುವಾದದಲ್ಲಿ ಪಂಜರ ಹೋಗಿ ಉಕ್ಕಿನಷ್ಟು ಗಟ್ಟಿಯಾದ ಚಿಪ್ಪು ಬಂದಿದೆ. ಸರಿಯಾದ ಅನುವಾದವೇ. ಆದರೂ ಪಂಜರ ಮಾತ್ರ ಇನ್ನೂ ಜನರ ನಾಲಿಗೆಯ ಮೇಲಿದೆ. ತಪ್ಪು ಅನುವಾದ ಸೊಗಸಾಗಿದ್ದರೆ ಅದನ್ನು ಓಡಿಸುವುದು ಎಷ್ಟು ಕಷ್ಟ!

ಎರಡನೆಯ ಮಹಾಯುದ್ಧದ ನಂತರದ ಜರ್ಮನಿಗೆ ಬರೋಣ. 1948ರ ಜೂನ್ 20ರಂದು ಪಶ್ಚಿಮ ಜರ್ಮನಿಯಲ್ಲಿ ಹೊಸ ಮಾರ್ಕ್ ಜಾರಿಗೆ ಬಂತು. ಪ್ರತಿಯೊಬ್ಬನಿಗೂ ಮೊದಲ ಕಂತಾಗಿ 40 ಮಾರ್ಕ್. ಅದಕ್ಕೆ ಜನ 'ತಲೆಹಣ' ಎಂದರು. ಬೆಳಗಾಗುವುದರಲ್ಲಿ ಬರಿದಾಗಿದ್ದ ಅಂಗಡಿಗಳ ಗಾಜಿನ ಕಪಾಟುಗಳು ತುಂಬಿಕೊಂಡವು. ಮುಂದಿನ ಏಳಿಗೆಯನ್ನು ಲೋಕ 'ವಿರ್ಟ್‌ಶಾಫ್ಟ್ಸ್‌ವುಂಡರ್', ಆರ್ಥಿಕ ಪವಾಡ, ಎಂದು ಕೊಂಡಾಡಿತು. ಅದರ ರೂವಾರಿಯೆನಿಸಿದ ಅರ್ಥಸಚಿವ ಲುಡ್ವಿಗ್ ಎರ್‌ಹಾರ್ಟ್‌ಗೆ ಮಾತ್ರ ಪವಾಡ ಎಂಬ ಮಾತು ಹಿಡಿಸುತ್ತಿರಲಿಲ್ಲ. ದುಡಿದದ್ದಕ್ಕೆ ಪವಾಡವೆನ್ನುವುದೇಕೆ ಎಂಬುದು ಆತನ ವಾದ. ಆತನ 1957ರ ಪುಸ್ತಕದ ಹೆಸರು 'ವೋಲ್‌ಶ್ಟಾಂಡ್ ಫ್ಯೂರ್ ಆಲ್ಲೆ', ಎಲ್ಲರಿಗೂ ಸುಭಿಕ್ಷ. ಮರುವರ್ಷ ಇಂಗ್ಲಿಷಿಗೆ ಬಂದಾಗ ಅದರ ಹೆಸರು 'ಸ್ಪರ್ಧೆಯ ಮೂಲಕ ಸಮೃದ್ಧಿ' ಎಂದಾಗಿತ್ತು. ಎಲ್ಲರೂ ಹೊರಗುಳಿದರು, ಸ್ಪರ್ಧೆ ಒಳಗೆ ಬಂತು! ಬೆಲೆ ಏರಿಸಬೇಡಿ, ಕೂಲಿ ಹೆಚ್ಚು ಕೇಳಬೇಡಿ ಎಂದು ಎರ್‌ಹಾರ್ಟ್ ಆಗಾಗ ಮಾಡುತ್ತಿದ್ದ ಮನವಿಗಳಿಗೆ ಜನ 'ಜೇಲೆನ್‌ಮಸಾಜೆ', ಆತ್ಮಕ್ಕೆ ಎಣ್ಣೆಸ್ನಾನ, ಎಂದು ಹೆಸರಿಟ್ಟಿದ್ದರು. ಇಂಗ್ಲಿಷಿನ ಅರ್ಥಶಾಸ್ತ್ರಜ್ಞರು ಇದನ್ನು ನೈತಿಕ ಮನವೊಲಿಕೆ ಎಂದು ಕರೆಯುತ್ತಾರೆ. ನಗು ಎಲ್ಲಿ ಹೋಯಿತು?

1990ರ ಜುಲೈ 1ರಂದು, ಪೂರ್ವ ಜರ್ಮನಿಗೆ ಪಶ್ಚಿಮದ ಮಾರ್ಕ್ ಬಂದ ದಿನ, ಹೆಲ್ಮುಟ್ ಕೋಲ್ ದೂರದರ್ಶನದಲ್ಲಿ ಪೂರ್ವದ ಪ್ರಾಂತಗಳು 'ಹೂವರಳುವ ಸೀಮೆ'ಗಳಾಗುವುವು ಎಂದರು. ಕಾರ್ಖಾನೆಗಳು ಮುಚ್ಚಿ ಲಕ್ಷಾಂತರ ಮಂದಿ ಕೆಲಸ ಕಳೆದುಕೊಂಡಾಗ ಅದೇ ಮಾತು ಕಹಿ ವ್ಯಂಗ್ಯವಾಯಿತು. ಇದು ಅನುವಾದದಲ್ಲಿ ಕೆಡುವುದಿಲ್ಲ. ಹುಸಿಯಾದ ಭರವಸೆ ಎಲ್ಲ ಭಾಷೆಗಳಲ್ಲೂ ಒಂದೇ.

2005ರ ಏಪ್ರಿಲಿನಲ್ಲಿ ಸೋಷಿಯಲ್ ಡೆಮಾಕ್ರಾಟ್ ಪಕ್ಷದ ಅಧ್ಯಕ್ಷ ಫ್ರಾಂಟ್ಸ್ ಮ್ಯುಂಟೆಫೆರಿಂಗ್ ಕೆಲವು ವಿದೇಶಿ ಹೂಡಿಕೆದಾರರನ್ನು 'ಹಾಯ್‌ಶ್ರೆಕ್ಕೆ'ಗಳ ಹಿಂಡಿಗೆ ಹೋಲಿಸಿದರು. ಕಂಪನಿಯ ಮೇಲೆ ಎರಗಿ, ತಿಂದು ತೇಗಿ, ಮುಂದಕ್ಕೆ ಹಾರುವವರು ಎಂದು. ಜರ್ಮನ್ನಿನಲ್ಲಿ ಹಾಯ್‌ಶ್ರೆಕ್ಕೆ ಎಂದರೆ ಹುಲ್ಲಿನಲ್ಲಿ ಹಾರುವ ಬಡಪಾಯಿ ಹುಳುವೂ ಹೌದು, ಬೆಳೆ ನುಂಗುವ ಪಿಡುಗೂ ಹೌದು. ಇಂಗ್ಲಿಷಿನಲ್ಲಿ ಇವಕ್ಕೆ ಎರಡು ಹೆಸರು. 'ಗ್ರಾಸ್‌ಹಾಪರ್' ಎಂದಿದ್ದರೆ ಈಸೋಪನ ಕಥೆಯಲ್ಲಿ ಬೇಸಗೆಯೆಲ್ಲ ಹಾಡಿ ಕಾಲಕಳೆದ ಸೋಮಾರಿ ನೆನಪಿಗೆ ಬರುತ್ತಿದ್ದ. 'ಲೋಕಸ್ಟ್' ಎಂದದ್ದರಿಂದ ಬೈಬಲಿನ ಈಜಿಪ್ಟಿನ ಮೇಲೆ ಬಂದೆರಗಿದ ಹಿಂಡು ನೆನಪಾಗುತ್ತದೆ. ಕನ್ನಡದ 'ಮಿಡತೆ'ಯಲ್ಲಿ ಜರ್ಮನ್ನಿನಂತೆ ಎರಡೂ ಇವೆ. ನಾವು ಆಯ್ದುಕೊಳ್ಳಬೇಕಾಗಿಯೇ ಇಲ್ಲ.

ಇನ್ನು ಸಾಲದ ಮಾತು. ಜರ್ಮನ್ನಿನಲ್ಲಿ 'ಶುಲ್ಡ್' ಎಂದರೆ ಅಪರಾಧ. ಅದರ ಬಹುವಚನ 'ಶುಲ್ಡೆನ್' ಎಂದರೆ ಸಾಲ. ನೀಚೆ 1887ರ ತನ್ನ ಗ್ರಂಥವೊಂದರಲ್ಲಿ ಅಪರಾಧದ ಕಲ್ಪನೆಯೇ ಸಾಲದಿಂದ ಹುಟ್ಟಿತೆಂದು ಇದರ ಮೇಲೆಯೇ ವಾದ ಕಟ್ಟಿದ. 2010ರಿಂದ ಕೆಲವು ವರ್ಷ ಗ್ರೀಸ್ ದೇಶ ಸಾಲದ ಸುಳಿಯಲ್ಲಿದ್ದಾಗ ಇಂಗ್ಲಿಷ್ ಪತ್ರಿಕೆಗಳು ಇದನ್ನು ಮತ್ತೆ ಮತ್ತೆ ಎತ್ತಿ, ಜರ್ಮನರಿಗೆ ಸಾಲವೆಂದರೇ ಪಾಪ, ಅವರ ಭಾಷೆಯಲ್ಲೇ ಹಾಗಿದೆ ಎಂದು ಬರೆದವು. ಇದನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಬ್ಯಾಂಕಿಗೆ ಹೋಗಿ ಶುಲ್ಡೆನ್ ಎನ್ನುವ ಜರ್ಮನ್ ಗೃಹಸ್ಥನಿಗೆ ಪಾಪದ ನೆನಪೇನೂ ಆಗುವುದಿಲ್ಲ. ನಮ್ಮಲ್ಲಿಯೂ 'ಋಣ' ಹಣದ್ದೂ ಹೌದು, ಅನ್ನದ್ದೂ ಹೌದು, ಪಿತೃಗಳದ್ದೂ ಹೌದು. ಹಾಗೆಂದು ಬ್ಯಾಂಕಿನ ಋಣಪತ್ರಕ್ಕೆ ಸಹಿಹಾಕುವಾಗ ಯಾರೂ ಪಿತೃಗಳನ್ನು ನೆನೆಯುವುದಿಲ್ಲ. ಅಷ್ಟೇಕೆ, ಇಂಗ್ಲಿಷ್ ಬೈಬಲಿನಲ್ಲಿ ಯೇಸು ಕಲಿಸಿದ ಪ್ರಾರ್ಥನೆಯಲ್ಲೂ ಮತ್ತಾಯನ ಪಾಠದಲ್ಲಿ 'ಸಾಲ'ಗಳನ್ನೇ ಮನ್ನಿಸೆಂದು ಬೇಡಿದೆಯಲ್ಲ!

ನಿಜವಾದ ತೊಡಕು ಬೇರೆಡೆ ಇತ್ತು. ಖರ್ಚು ಕಡಿತವನ್ನು ಜರ್ಮನರು 'ಶ್ಪಾರೆನ್' ಎಂದರು. ಅದು ಮಕ್ಕಳು ಹುಂಡಿಯಲ್ಲಿ ಕಾಸು ಹಾಕುವುದಕ್ಕೂ ಬಳಸುವ ಮಾತು, ಉಳಿತಾಯ. ಇಂಗ್ಲಿಷಿನಲ್ಲಿ ಅದು 'ಆಸ್ಟೆರಿಟಿ' ಆಯಿತು. ಗ್ರೀಕ್ ಮೂಲದ, ಒಗರು, ಕಠೋರ ಎಂಬ ಅರ್ಥದ ಪದ. ಬರ್ಲಿನ್ನಿನಲ್ಲಿ ಸದ್ಗುಣದ ಹೆಸರಿನಲ್ಲಿ ಹೊರಟದ್ದು ಇಂಗ್ಲಿಷಿನ ದಾರಿಯಾಗಿ ಅಥೆನ್ಸಿಗೆ ಶಿಕ್ಷೆಯ ಹೆಸರಿನಲ್ಲಿ ತಲಪಿತು. ಪಿಂಚಣಿ ಕಡಿತಗೊಂಡ ಅಲ್ಲಿನ ಮುದುಕನಿಗೆ ಎರಡನೆಯ ಹೆಸರೇ ಸರಿಯೆನಿಸಿದ್ದರೆ ತಪ್ಪೇನು? ಪಿಂಚಣಿದಾರನಾದ ನನಗೆ ಇಲ್ಲಿ ಪಕ್ಷಪಾತವಿದೆ, ಒಪ್ಪುತ್ತೇನೆ. ಆಗಿನ ರಕ್ಷಣಾ ನಿಧಿಗೆ ಜರ್ಮನರು 'ರೆಟ್ಟುಂಗ್ಸ್‌ಶಿರ್ಮ್', ಕಾಪಾಡುವ ಕೊಡೆ, ಎಂದರು. ಇಂಗ್ಲಿಷರ 'ಬೇಲ್‌ಔಟ್' ಕೇಳಿದರೆ ತೂತುಬಿದ್ದ ದೋಣಿಯಿಂದ ನೀರು ಮೊಗೆಯುವ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಕೊಡೆ ಹಿಡಿದವನಿಗೆ ಮಳೆ ಹೊರಗಿನದು. ದೋಣಿಯಲ್ಲಿರುವವನಿಗೆ ದೋಣಿಯೇ ಕೆಟ್ಟಿದೆ.

ಇದರ ಹಿಂದೆ 2008ರ ಡಿಸೆಂಬರಿನಲ್ಲಿ, ಇದೇ ಸ್ಟುಟ್‌ಗಾರ್ಟಿನ ಪಕ್ಷ ಸಮ್ಮೇಳನದಲ್ಲಿ, ಆಂಗೆಲಾ ಮೆರ್ಕೆಲ್ ಶ್ವಾಬಿಯ ಗೃಹಿಣಿಯನ್ನು ಕೇಳಿದ್ದರೆ ಸಾಕಿತ್ತು, ಆದಾಯ ಮೀರಿ ಬಹುಕಾಲ ಬಾಳಲಾಗದೆಂದು ಆಕೆ ಹೇಳುತ್ತಿದ್ದಳು ಎಂಬರ್ಥದ ಮಾತಾಡಿದ್ದರು. ಇಂಗ್ಲಿಷ್ ಓದುಗನಿಗೆ ಶ್ವಾಬಿ ಎಂದರೆ ಏನೂ ಹೊಳೆಯದು. ಮೆಟ್ಟಿಲು ತೊಳೆಯುವ ಸರದಿಯನ್ನೂ ಪಟ್ಟಿ ಬರೆದು ಬಾಗಿಲಿಗೆ ತೂಗುಹಾಕುವ ಆ ಸೀಮೆಯ ಜನರ ಜಿಪುಣತನ ಜರ್ಮನಿಯಲ್ಲೆಲ್ಲ ನಗೆಯ ವಿಷಯ. ಮಗಳ ಮನೆಯ ಬಾಗಿಲಿಗೂ ಆ ಪಟ್ಟಿ ಬಂದು ಬೀಳುತ್ತಿತ್ತು. ಒಮ್ಮೆ ಮೆಟ್ಟಿಲು ತೊಳೆದವನು ನಾನೇ.

2009ರಲ್ಲಿ ಅವರು ಸಂವಿಧಾನಕ್ಕೇ 'ಸಾಲದ ಬ್ರೇಕು' ಹಾಕಿಸಿದರು. ಕೇಂದ್ರ ಸರಕಾರದ ಮೂಲಭೂತ ಕೊರತೆ ರಾಷ್ಟ್ರೀಯ ಉತ್ಪನ್ನದ ಶೇಕಡಾ 0.35 ಮೀರಬಾರದೆಂದು. 2014ರಲ್ಲಿ, 1969ರ ನಂತರ ಮೊದಲ ಬಾರಿಗೆ, ಹೊಸ ಸಾಲವಿಲ್ಲದೆ ಲೆಕ್ಕ ಮುಗಿಯಿತು. ಅದಕ್ಕೆ ಅವರಿಟ್ಟ ಹೆಸರು 'ಶ್ವಾರ್ಟ್ಸೆ ನುಲ್', ಕಪ್ಪು ಸೊನ್ನೆ. ಇಂಗ್ಲಿಷ್ ಪತ್ರಿಕೆಗಳು ಹಾಗೇ ಪದಕ್ಕೆ ಪದ ಇಟ್ಟವು. ಕಪ್ಪುಮಸಿಯಲ್ಲಿ ಬರೆದ ಸೊನ್ನೆ, ಕೆಂಪಲ್ಲ, ಎಂಬುದು ಲೆಕ್ಕ ಬಲ್ಲವರಿಗೆ ಗೊತ್ತು. ನಾನು ಊರಿಗೆ ಬಂದು ಕಪ್ಪು ಸೊನ್ನೆಯ ವಿಷಯ ಹೇಳಿದಾಗ ನನ್ನ ತಮ್ಮ ಗಂಭೀರವಾಗಿ, ಅಲ್ಲಿಯೂ ಕಪ್ಪುಹಣ ಅಷ್ಟೊಂದಿದೆಯೇ ಎಂದ!

ಆ ಬ್ರೇಕನ್ನು 2025ರ ಮಾರ್ಚಿನಲ್ಲಿ ರಕ್ಷಣಾವೆಚ್ಚಕ್ಕಾಗಿ ಬಹಳಷ್ಟು ಸಡಿಲಿಸಿ, ರಸ್ತೆ ಸೇತುವೆ ಮೊದಲಾದವಕ್ಕೆ 50,000 ಕೋಟಿ ಯೂರೋಗಳ ನಿಧಿಯನ್ನು ಸ್ಥಾಪಿಸಿದರು. ಅದರ ಹೆಸರು 'ಜೋಂಡರ್‌ಫರ್‌ಮ್ಯೋಗೆನ್'. ಫರ್‌ಮ್ಯೋಗೆನ್ ಎಂದರೆ ಆಸ್ತಿ, ಸಂಪತ್ತು. ವಿಶೇಷ ಸಂಪತ್ತು! ವಾಸ್ತವವಾಗಿ ಅದು ಸಾಲ. ಇಂಗ್ಲಿಷಿನವರು 'ಸ್ಪೆಷಲ್ ಫಂಡ್' ಎಂದು ತಟಸ್ಥವಾಗಿ ಬರೆಯುತ್ತಾರೆ. ಹಾಗೆ ಬರೆದಾಗ ಆ ಸುಳ್ಳು ಸಹ ಅನುವಾದದಲ್ಲಿ ಕಳೆದುಹೋಗುತ್ತದೆ.

ಕೊನೆಗೆ ನಾನು ಈ ಲೇಖನವನ್ನು ಬರೆಯಲು ಕುಳಿತ ನಿಜವಾದ ಕಾರಣ. ಅದು ರೂಪಕವಲ್ಲ, ಸಂಖ್ಯೆ.

1923ರ ಹಣದುಬ್ಬರವನ್ನು ನನ್ನಲ್ಲಿ ಓದಿದವರೆಲ್ಲ ಬಲ್ಲಿರಿ. ಕೈಗಾಡಿಯಲ್ಲಿ ನೋಟು ತುಂಬಿ ರೊಟ್ಟಿಗೆ ಹೋದ ಕಥೆಯನ್ನು ನಾನು ಪ್ರತಿವರ್ಷವೂ ಅಭಿನಯಿಸಿ ತೋರಿಸುತ್ತಿದ್ದೆ. ನವೆಂಬರಿನಲ್ಲಿ ಒಂದು ಡಾಲರಿಗೆ 420 ಕೋಟಿ ಮಾರ್ಕ್ ಎಂದು ಕಪ್ಪುಹಲಗೆಯಲ್ಲಿ ಬರೆಯುತ್ತಿದ್ದೆ. ಆಗಿನ ದಂಡಸಂಹಿತೆಯ ವಂಚನೆಯ ಕಲಮಿನ ಸಂಖ್ಯೆಯೂ ಅದೇ ಆದ್ದರಿಂದ ಹಿಂದಿನ ಬೆಂಚುಗಳಲ್ಲಿ ನಗುವೇಳುತ್ತಿತ್ತು, ನಾನೂ ನಗುತ್ತಿದ್ದೆ. ಆ ಅಂಕಿ ನನಗೆ ಸಿಕ್ಕಿದ್ದು ಬ್ರಿಟನ್ನಿನಲ್ಲಿ ಅಚ್ಚಾದ ಹಳೆಯ ಪುಸ್ತಕವೊಂದರಲ್ಲಿ, 4.2 ಬಿಲಿಯನ್ ಎಂದು. ಬಿಲಿಯನ್ ಎಂದರೆ ನೂರು ಕೋಟಿ ಎಂದು ಲೆಕ್ಕಹಾಕಿದ್ದೆ.

ಮಗಳ ಮನೆಯ ಊಟದ ಮೇಜಿನಲ್ಲಿ ತಿಳಿಯಿತು: ಜರ್ಮನರ 'ಬಿಲಿಯೋನ್' ಎಂದರೆ ಲಕ್ಷ ಕೋಟಿ. ನೂರು ಕೋಟಿಗೆ ಅವರು 'ಮಿಲಿಯಾರ್ಡೆ' ಎನ್ನುತ್ತಾರೆ. ಬ್ರಿಟನ್ನಿನಲ್ಲಿಯೂ ಮೊದಲು ಬಿಲಿಯನ್ ಎಂದರೆ ಲಕ್ಷ ಕೋಟಿಯೇ ಆಗಿತ್ತು. ಅಮೆರಿಕದ ಪದ್ಧತಿಯನ್ನು ಅನುಸರಿಸುವುದಾಗಿ ಪ್ರಧಾನಿ ಹೆರಲ್ಡ್ ವಿಲ್ಸನ್ ಪಾರ್ಲಿಮೆಂಟಿಗೆ ತಿಳಿಸಿದ್ದು 1974ರ ಡಿಸೆಂಬರಿನಲ್ಲಿ. ನನ್ನ ಪುಸ್ತಕ ಅದಕ್ಕೆ ಎಷ್ಟೋ ಮೊದಲಿನದು. ಅಂದಮೇಲೆ ಒಂದು ಡಾಲರಿಗೆ ಇದ್ದದ್ದು 4,20,000 ಕೋಟಿ ಮಾರ್ಕ್. 1923ರ ನವೆಂಬರ್ 15ರಂದು ಬಂದ ಹೊಸ ರೆಂಟೆನ್‌ಮಾರ್ಕ್ ಒಂದಕ್ಕೆ ಹಳೆಯ ಲಕ್ಷ ಕೋಟಿ ಮಾರ್ಕ್. ಅವರು ಅಚ್ಚುಹಾಕಿದ ಅತಿದೊಡ್ಡ ನೋಟಿನ ಬೆಲೆ ನೂರು ಬಿಲಿಯೋನ್, ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಕೋಟಿ ಕೋಟಿ. ನಾನು ಸಾವಿರ ಪಟ್ಟು ಕಡಿಮೆ ಹೇಳುತ್ತ ಬಂದಿದ್ದೆ.

ಹತ್ತನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಬ್ಬ ಹುಡುಗ 4,20,000 ಕೋಟಿ ಎಂದು ಬರೆದಿದ್ದ. ಎಲ್ಲಿಂದಲೋ ವಿಶ್ವಕೋಶ ತೆಗೆದು ನೋಡಿದ್ದ. ಎರಡು ಅಂಕದ ಪ್ರಶ್ನೆ. ಸೊನ್ನೆ ಕೊಟ್ಟೆ, ಕೆಂಪುಮಸಿಯಲ್ಲಿ. ಪುಸ್ತಕ ತಂದು ತೋರಿಸುತ್ತೇನೆ ಸಾರ್ ಎಂದವನನ್ನು, ಮೂರು ಸೊನ್ನೆ ಹೆಚ್ಚು ಬರೆದರೆ ಮೂರು ಅಂಕ ಹೆಚ್ಚು ಬರುವುದಿಲ್ಲ ಎಂದು ತರಗತಿಯೆದುರು ಗೇಲಿಮಾಡಿ ಕೂರಿಸಿದೆ. ಎಲ್ಲರೂ ನಕ್ಕರು. ಅವನು ಮತ್ತೆಂದೂ ನನ್ನ ತರಗತಿಯಲ್ಲಿ ಕೈಯೆತ್ತಿ ಮಾತನಾಡಿದ್ದು ನನಗೆ ನೆನಪಿಲ್ಲ.

ಅವನ ಹೆಸರು ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ನಿಮ್ಮಲ್ಲಿ ಆ ತರಗತಿಯವರು ಐದಾರು ಮಂದಿಯಾದರೂ ಇದನ್ನು ಓದುತ್ತೀರಿ. ನಕ್ಕವರಲ್ಲಿ ನೀವೂ ಇದ್ದಿರಿ. ಅವನ ವಿಳಾಸ ಬಲ್ಲವರು ಈ ಬರಹವನ್ನು ದಯವಿಟ್ಟು ತಲಪಿಸಿ. ಉತ್ತರ ಸರಿಯಾಗಿತ್ತೆಂದು, ಎರಡಕ್ಕೆ ಎರಡು ಅಂಕವೆಂದು ಹೇಳಿ.